ಟಿಕ್ ಬೀಳದ ಒಂದು ಇಡಿಯಮ್

"ಕಳುವಾಗಿರೋದು ಬರೀ ಒಂದು ಪುಸ್ತಕ. ಇದಕ್ಕೆ ಸ್ಟೇಷನ್ನಿಗೆ ಹೋದ್ರೆ ನಗ್ತಾರೆ. ಆದ್ರೆ ಅದು ಸಿಗದಿದ್ರೆ ಬರೋ ಸೋಮವಾರ ನಾನು ಕ್ಲಾಸಿನ ಬೋರ್ಡ್ ಇಳಿಸ್ತೀನಿ ಮೇಡಂ. ಆಮೇಲೆ ನನ್ನ ಮನೆ ಬಾಗಿಲು ತಟ್ಟೋರು ಯಾರೂ ಇರಲ್ಲ."

ಆ ಬುಧವಾರ ಬೆಳಿಗ್ಗೆ ಗುಬ್ಬಿಯಲ್ಲಿ ಗಂಗಾಂಬಿಕೆಯವರ ಮನೆ ವರಾಂಡದಲ್ಲಿ ಕೂತು ಹೀಗೆ ಹೇಳಿದ ಹೆಂಗಸಿನ ಹೆಸರು ವಾಣಿಶ್ರೀ. ಅರವತ್ತು ದಾಟಿದ, ನೀಟಾಗಿ ಸೆರಗಿಗೆ ಪಿನ್ನು ಹಾಕಿದ, ರಿಟೈರಾದ ಇಂಗ್ಲಿಷ್ ಮೇಡಂ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಬ್ಬರೇ ಇದ್ದುಕೊಂಡು ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದರು.

ಗಂಗಾಂಬಿಕೆಯವರ ವಿಷಯ ಹೇಳಿಬಿಡುತ್ತೇನೆ. ಮೂವತ್ತೆರಡು ವರ್ಷ ಸರ್ಕಾರಿ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದವರು. ಕಳೆದುಹೋದ ಕಾಗದ ಹುಡುಕುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ರಿಟೈರಾದ ಮೇಲೆ ಜನ ಮೊದಲು ಕಾಗದ ಹುಡುಕಿಕೊಡಿ ಎಂದು ಬಂದರು, ಆಮೇಲೆ ಕದ್ದವರನ್ನು ಹುಡುಕಿಕೊಡಿ ಎಂದು ಬಂದರು. ನಾನು ಕೆಂಪಯ್ಯ, ಅವರ ಎದುರು ಮನೆಯವನು. ಇಪ್ಪತ್ತೆಂಟು ವರ್ಷ ತುಮಕೂರು–ಕುಣಿಗಲ್–ಅಮೃತೂರು ಪ್ರೈವೇಟ್ ಬಸ್ಸು ಓಡಿಸಿದೆ. ಈಗ ಒಂದು ಹಳೇ ಓಮ್ನಿ ಇದೆ. ಹೆಂಡತಿ ಹೋದ ಮೇಲೆ ಮನೆಯಲ್ಲಿ ರೇಡಿಯೋ ಬಿಟ್ಟರೆ ಇನ್ನೊಂದು ದನಿ ಇಲ್ಲ. ಅದಕ್ಕೇ ಅಮ್ಮಾವ್ರು ಕರೆದ ಕಡೆ ಗಾಡಿ ಹೊರಡಿಸುತ್ತೇನೆ. ಡೀಸೆಂಟಾಗಿ ಹೇಳಬೇಕೆಂದರೆ ಸಹಾಯಕ, ನಿಜ ಹೇಳಬೇಕೆಂದರೆ ಕೆಲಸವಿಲ್ಲದವನು.

"ಯಾವ ಪುಸ್ತಕ?" ಎಂದರು ಗಂಗಾಂಬಿಕೆ.

"ನನ್ನ ಇಡಿಯಮ್ ಪುಸ್ತಕ."

ನಾನು ಮಧ್ಯೆ ಬಾಯಿ ಹಾಕಿದೆ. "ಇಡಿಯಮ್ ಅಂದ್ರೆ ಏನ್ ಮೇಡಂ?"

ಅಷ್ಟು ಹೊತ್ತು ಬಾಡಿದ್ದ ಮುಖಕ್ಕೆ ಥಟ್ಟನೆ ಜೀವ ಬಂತು. "ಕೆಂಪಯ್ಯನೋರೇ, ಕಣ್ಣಿಗೆ ಮಣ್ಣೆರಚಿದ ಅಂದ್ರೆ ನಿಜವಾಗ್ಲೂ ಮಣ್ಣು ತಗೊಂಡು ಎರಚಿದ ಅಂತಾನಾ?"

"ಅಲ್ಲ. ಮೋಸ ಮಾಡ್ದ ಅಂತ."

"ಇಂಗ್ಲಿಷಲ್ಲೂ ಅಂಥ ಮಾತುಗಳಿವೆ. ಒಂದೊಂದೇ ಪದದ ಅರ್ಥ ಗೊತ್ತಿದ್ರೆ ಸಾಲ್ದು. ‘ಬ್ರೇಕ್ ದಿ ಐಸ್’ ಅಂದ್ರೆ ಐಸು ಒಡೆಯೋದಲ್ಲ. ಪರಿಚಯ ಇಲ್ಲದೋರು ಮುಖ ಬಿಗಿದುಕೊಂಡು ಕೂತಿರುವಾಗ ಯಾರೋ ಒಬ್ರು ಮೊದಲ ಮಾತಾಡಿ ಆ ಬಿಗಿ ಸಡಿಲಿಸೋದು. ಈಗ ನೀವು ಮಾಡಿದ್ರಲ್ಲ, ಅದೇ."

ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಬಾಯಿಬಡುಕತನಕ್ಕೆ ಇಂಗ್ಲಿಷಿನಲ್ಲಿ ಇಷ್ಟು ಮರ್ಯಾದೆಯ ಹೆಸರಿದೆ ಎಂದು ಗೊತ್ತಿರಲಿಲ್ಲ.

ಮೇಡಂ ಪಾಠದ ರೀತಿ ಬೇರೆಯೇ ಇತ್ತು. ಹಾಜರಿ ಪುಸ್ತಕದ ಎರಡರಷ್ಟು ಅಗಲದ, ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಪುಟಕ್ಕೊಂದು ಇಡಿಯಮ್, ಕೆಳಗೆ ಅರ್ಥ. ಉಳಿದ ಜಾಗ ಖಾಲಿ. ಅರ್ಥ ಬಾಯಿಪಾಠ ಮಾಡಿದವರಿಗೆ ಅಲ್ಲಿ ಬರೆಯುವ ಹಕ್ಕಿಲ್ಲ. ಆ ಮಾತು ಯಾರ ಬದುಕಿನಲ್ಲಿ ನಿಜವಾಗಿ ನಡೆಯಿತೋ ಅವರು ಬಂದು, ನಡೆದದ್ದನ್ನು ಕನ್ನಡದಲ್ಲಿ ಬರೆದು, ಹೆಸರು ತಾರೀಖು ಹಾಕಬೇಕು. ಹನ್ನೆರಡು ವರ್ಷದಲ್ಲಿ ನೂರಾರು ಜನ ಹಾಗೆ ಬರೆದಿದ್ದರು.

"ರಾತ್ರಿ ಮಲಗೋ ಮುಂಚೆ ಒಂದು ಪುಟ ಗಟ್ಟಿಯಾಗಿ ಓದ್ತೀನಿ," ಎಂದರು ವಾಣಿಶ್ರೀ. "ಮನೇಲಿ ಯಾರದಾದ್ರೂ ಮಾತು ಕೇಳಿಸ್ಬೇಕಲ್ಲ."

ಗಂಗಾಂಬಿಕೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಕೇಸು ಒಪ್ಪಿಕೊಂಡಿದ್ದಾರೆ ಎನ್ನುವುದಕ್ಕೆ ಅದೇ ಗುರುತು.

ಉಪ್ಪಾರಹಳ್ಳಿಯ ಆ ಮನೆಯ ಮುಂದಿನ ಕೋಣೆಯೇ ಕ್ಲಾಸು. ಆರು ಪ್ಲಾಸ್ಟಿಕ್ ಕುರ್ಚಿ, ಒಂದು ಬೋರ್ಡು, ಬೀಗವಿಲ್ಲದ ಮರದ ಬೀರು. ಹಿಂದಿನ ಗುರುವಾರ ಸಂಜೆ ಬಂದಿದ್ದವರು ಮೂವರೇ. ಕೋರ ಊರಿನ ಹತ್ತಿರ ಒಂದು ಖಾಸಗಿ ಗೋಡೌನಿನಲ್ಲಿ ಕೆಲಸ ಮಾಡುವ ಗಂಗಾಧರ್, ಗುಬ್ಬಿಯ ಒಂದು ನರ್ಸಿಂಗ್ ಹೋಮಿನಲ್ಲಿ ರಿಸೆಪ್ಷನಿಸ್ಟ್ ಆಗಿರುವ ನಂದಿತಾ, ಅಮೃತೂರಿನ ತೆಂಗು ಬೆಳೆಗಾರ ಅಣ್ಣಯ್ಯಪ್ಪ. ಏಳು ಗಂಟೆಗೆ ಪಾಠ ಮುಗಿಸಿ ಮೇಡಂ ಟೀ ಮಾಡಲು ಒಳಗೆ ಹೋಗಿದ್ದರು. ಮೂವರೂ ಎದ್ದು, ಓಡಾಡಿ, ಟೀ ಕುಡಿದು ಹೊರಟರು. ಆ ರಾತ್ರಿ ಮೇಡಂಗೆ ತಲೆನೋವು, ಬೀರು ತೆಗೆಯಲಿಲ್ಲ. ಬೆಳಿಗ್ಗೆ ನೋಡಿದರೆ ಪುಸ್ತಕವಿಲ್ಲ. ಅದಕ್ಕೆ ಸುತ್ತುತ್ತಿದ್ದ ಬಿಳಿ ಬಟ್ಟೆಯನ್ನು ಮಾತ್ರ ನಾಲ್ಕು ಮಡಿಕೆ ಮಾಡಿ ಇಟ್ಟುಹೋಗಿದ್ದರು.

"ನಿಮಗೆ ಯಾರ ಮೇಲೆ ಅನುಮಾನ?"

"ಗಂಗಾಧರ್ ಮೇಲೆ. ಅನುಮಾನ ಏನು ಬಂತು, ಅವನೇ. ತನ್ನ ಪುಟ ಕಿತ್ತುಹಾಕಿ ಅಂತ ಎರಡು ಸಲ ಕೇಳಿದ್ದ. ನಾನು ಒಪ್ಪಲಿಲ್ಲ. ಶನಿವಾರ ಎಲ್ಲರ ಮುಂದೆ ಕೇಳಿದೆ, ಇಲ್ಲ ಅಂದ. ಇನ್ನು ಕ್ಲಾಸಿಗೆ ಬರ್ಬೇಡ ಅಂದೆ. ಅವತ್ತಿಂದ ಉಳಿದಿಬ್ರೂ ತಲೆ ತಗ್ಗಿಸ್ಕೊಂಡು ಕೂತ್ಕೊತಾರೆ. ಸತ್ತ ಮನೆ ಥರ ಆಗಿದೆ."

ಗಂಗಾಂಬಿಕೆ ಬೀರುವಿನ ಹಲಗೆಯ ಮೇಲೆ ಬೆರಳಾಡಿಸಿದರು. ಧೂಳಿನ ನಡುವೆ ಪುಸ್ತಕವಿದ್ದ ಜಾಗ ಚೊಕ್ಕವಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಚೊಕ್ಕ ಜಾಗ, ಅಂಗೈಯಗಲ.

"ಇಲ್ಲೇನಿತ್ತು?"

"ಅದಾ? ಪೆನ್ನಿನ ಡಬ್ಬಿ. ಒಂದು ಶಾಯಿ ಪೆನ್ನು, ಹಸಿರು ಇಂಕು. ಪುಸ್ತಕದಲ್ಲಿ ಅದರಲ್ಲೇ ಬರೀಬೇಕು ಅಂತ ನನ್ನ ರೂಲು. ಅದೂ ಹೋಗಿದೆ. ಪುಸ್ತಕವೇ ಹೋದ್ಮೇಲೆ ಪೆನ್ನು ಯಾವ ಲೆಕ್ಕ?"

ಗೋಡೆಯ ಮೇಲೆ ಉದ್ದನೆಯ ಪಟ್ಟಿ ಅಂಟಿಸಿತ್ತು. ಅಷ್ಟೂ ಇಡಿಯಮ್ಮುಗಳು. ಯಾರಾದರೂ ಬರೆದ ಪುಟಗಳಿಗೆ ಕೆಂಪು ಟಿಕ್ಕು. ನಾನು ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ನೋಡಿದೆ. ಎಲ್ಲಕ್ಕೂ ಟಿಕ್ಕಿತ್ತು, ಒಂದನ್ನು ಬಿಟ್ಟು. ಅಕ್ಷರ ಕೂಡಿಸಿ ಓದಿದೆ. "ಬರಿ ದಿ ಹ್ಯಾಚೆಟ್. ಇದೇನ್ ಮೇಡಂ?"

"ಹಾಗಂದ್ರೆ ಕೊಡಲಿ ಹೂಳೋದು. ಹಳೇ ಜಗಳ ಬಿಟ್ಟು ರಾಜಿಯಾಗೋದು." ಅವರು ಕಿಟಕಿ ಕಡೆ ತಿರುಗಿದರು. "ಆ ಅನುಭವ ಇಲ್ಲಿ ಯಾರಿಗೂ ಆಗಿಲ್ಲ. ಅದಕ್ಕೆ ಖಾಲಿ."

ಅಡುಗೆಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ ತೊಳೆದು ಬೋರಲು ಹಾಕಿದ್ದರು. ನನ್ನ ಮನೆಯದೇ ಚಿತ್ರ. ಮೂಲೆಯಲ್ಲಿ ತೆಂಗಿನಕಾಯಿಗಳ ಸಣ್ಣ ರಾಶಿ ಇತ್ತು.

"ಒಬ್ಬರಿಗೆ ಇಷ್ಟೊಂದು ಕಾಯಾ?" ಗಂಗಾಂಬಿಕೆ ಕೇಳಿದರು.

"ಅಣ್ಣಯ್ಯಪ್ಪನೋರು ವಾರ ವಾರ ಎರಡು ತರ್ತಾರೆ, ಎರಡು ವರ್ಷದಿಂದ. ಬೇಡ ಅಂದ್ರೂ ಕೇಳಲ್ಲ. ಹೋದ ಗುರುವಾರ ಅದೇನೋ ಎಂಟು ತಂದ್ಬಿಟ್ರು, ದೊಡ್ಡ ಗೋಣಿ ಬ್ಯಾಗಲ್ಲಿ."

ಗಂಗಾಂಬಿಕೆ ಒಂದು ಕಾಯಿ ಎತ್ತಿ ತಿರುಗಿಸಿದರು. ಜುಟ್ಟಿನ ಬುಡದಲ್ಲಿ ಹೆಬ್ಬೆರಳಗಲ ಅರಿಶಿನ ಒತ್ತಿತ್ತು. ಎಂಟಕ್ಕೂ ಇತ್ತು.

"ದೇವರ ಮುಂದೆ ಇಟ್ಟಿದ್ದೇನೋ. ನಾನು ತೊಳೆದು ಒಡೀತೀನಿ," ಎಂದರು ವಾಣಿಶ್ರೀ. "ನಮ್ಮೆಜಮಾನ್ರು ಹೋಗಿ ಎಂಟು ವರ್ಷ ಆಯ್ತು. ಅರಿಶಿನ ಕುಂಕುಮದ ಲೆಕ್ಕ ನನಗ್ಯಾಕೆ?"

"ನಿಮ್ಮ ತವರು?"

"ಕುಣಿಗಲ್ ಕಡೆ. ಅಲ್ಲಿ ಯಾರೂ ಇಲ್ಲ ಅಂದ್ಕೊಳಿ."

ಗಂಗಾಂಬಿಕೆ ಕಾಯನ್ನು ಮೆಲ್ಲಗೆ ಕೆಳಗಿಟ್ಟರು.

ಮಧ್ಯಾಹ್ನ ಕೋರದ ಗೋಡೌನಿನ ಹೊರಗೆ ಗಂಗಾಧರ್ ಸಿಕ್ಕ. ಮೂವತ್ತರ ಹುಡುಗ, ಕಣ್ಣು ಕೆಂಪಾಗಿತ್ತು.

"ಎಲ್ಲರ ಮುಂದೆ ಕಳ್ಳ ಅನ್ನಿಸ್ಕೊಂಡೆ ಮೇಡಂ. ನಮ್ಮನೇಲೂ ಹೇಳಿಲ್ಲ. ಸಂಜೆ ಕ್ಲಾಸಿಗೆ ಹೋಗ್ತಿದೀನಿ ಅಂತ ಹೇಳಿ ಅಮಾನಿಕೆರೆ ಹತ್ರ ಸುಮ್ನೆ ಕೂತು ಬರ್ತೀನಿ."

"ಪುಟ ಕಿತ್ತುಹಾಕಿ ಅಂತ ಯಾಕೆ ಕೇಳಿದ್ರಿ?"

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "‘ಟರ್ನ್ ಎ ಬ್ಲೈಂಡ್ ಐ’ ಅಂತ ಒಂದು ಇಡಿಯಮ್. ಕಂಡ್ರೂ ಕಾಣದಂಗೆ ಇರೋದು. ನಾನು ಅದಕ್ಕೆ, ನಮ್ಮ ಮ್ಯಾನೇಜರು ಊಟ ಆದ್ಮೇಲೆ ಬಾಯಿ ಬಿಟ್ಕೊಂಡು ಗೊರಕೆ ಹೊಡೀತಾರೆ, ನಾವ್ಯಾರೂ ನೋಡೇ ಇಲ್ಲ ಅನ್ನೋ ಥರ ಇರ್ತೀವಿ ಅಂತ ಬರೆದೆ. ಹೆಸರು ಸಮೇತ. ಈಗ ಅವರ ಮಗಳು ಅದೇ ಕ್ಲಾಸಿಗೆ ಸೇರ್ತೀನಿ ಅಂತವ್ಳೆ!"

ನಾನು ನಕ್ಕುಬಿಟ್ಟೆ. ಗಂಗಾಂಬಿಕೆ ನಗಲಿಲ್ಲ. "ಆ ಪುಸ್ತಕ ಒಬ್ಬರೇ ಇದ್ದಾಗ ನಿಮ್ಮ ಕೈಗೆ ಸಿಗ್ತಿತ್ತಾ?"

"ಟೀ ಟೈಮಲ್ಲಿ ಯಾರ್ ಬೇಕಾದ್ರೂ ತಗೋಬೋದು. ಕೀಳ್ಬೇಕು ಅಂತಿದ್ರೆ ಒಂದು ನಿಮಿಷದ ಕೆಲಸ. ಆದ್ರೆ ಅದು ಮೇಡಂ ಪುಸ್ತಕ ಅಲ್ವಾ? ಹೆಂಗೆ ಕೀಳ್ಲಿ?"

ವಾಪಸು ಬರುವಾಗ ಗುಬ್ಬಿಯ ನರ್ಸಿಂಗ್ ಹೋಮಿಗೆ ಹೋದೆವು. ನಂದಿತಾ ಕೌಂಟರಿನ ಹಿಂದೆ ಕೂತಿದ್ದಳು. ಡಾಕ್ಟರುಗಳು ಇಂಗ್ಲಿಷಿನಲ್ಲಿ ಮಾತಾಡಿ ನಕ್ಕಾಗ ತಾನೊಬ್ಬಳೇ ಪೆದ್ದಿಯ ಹಾಗೆ ನಿಲ್ಲುವುದು ಸಾಕಾಗಿ ಆ ಕ್ಲಾಸಿಗೆ ಸೇರಿದವಳು. ಅವಳ ಹೆಗಲಿನ ಬ್ಯಾಗು ಮೊಬೈಲು, ಟಿಫಿನ್ ಡಬ್ಬಿಗೇ ತುಂಬಿಹೋಗುವಂಥದ್ದು.

"ಗುರುವಾರ ಏನಾದ್ರೂ ವಿಶೇಷ ನಡೀತಾ?"

"ಏನಿಲ್ಲ ಆಂಟಿ. ತಾತ ಮಾತ್ರ ಬಸ್‌ಸ್ಟ್ಯಾಂಡಿಗೆ ಆಟೋ ಹಿಡಿಸ್ಕೊಡು ಮಗಾ ಅಂದ್ರು. ಯಾವತ್ತೂ ನಡ್ಕೊಂಡೇ ಹೋಗೋರು." ಅಣ್ಣಯ್ಯಪ್ಪನನ್ನು ಅವಳು ತಾತ ಎಂದೇ ಕರೆಯುತ್ತಿದ್ದಳು.

"‘ಬರಿ ದಿ ಹ್ಯಾಚೆಟ್’ ಪುಟಕ್ಕೆ ಯಾರೂ ಬರೀತೀನಿ ಅನ್ನಲಿಲ್ವಾ?"

"ತಾತನೇ ಅಂದ್ರಲ್ಲ. ತಮ್ಮನ ಜೊತೆ ಹದಿನಾಲ್ಕು ವರ್ಷ ಮಾತು ಬಿಟ್ಟಿದ್ರಂತೆ. ಹೋದ ಯುಗಾದಿಗೆ ರಾಜಿ ಆದ್ರು. ಎಷ್ಟು ಸಂತೋಷದಿಂದ ಪೆನ್ನು ಕೈಗೆ ತಗೊಂಡ್ರು ಗೊತ್ತಾ? ಮೇಡಂ ಬೇಡ ಅಂದ್ಬಿಟ್ರು. ಕಾರಣ ಹೇಳ್ಲಿಲ್ಲ. ಆವತ್ತು ಟೀ ಕೂಡ ಮಾಡ್ಲಿಲ್ಲ."

ಮಾರನೆಯ ದಿನ ಅಮೃತೂರಿಗೆ ಹೊರಟೆವು. ಕುಣಿಗಲ್ ದಾಟಿದ ಮೇಲೆ ನನ್ನ ಕೈ ತಾನೇ ಗೇರು ಬದಲಿಸುತ್ತಿತ್ತು. ಯಾವ ತಿರುವಿನಲ್ಲಿ ಯಾರು ಕೈ ಅಡ್ಡ ಹಾಕುತ್ತಿದ್ದರು ಎಂಬುದು ಇನ್ನೂ ನೆನಪಿದೆ. ಈಗ ಯಾರೂ ನನ್ನ ಗಾಡಿಗೆ ಕಾಯುವುದಿಲ್ಲ.

ಅಣ್ಣಯ್ಯಪ್ಪ ತೋಟದ ಗೇಟಿನಲ್ಲೇ ಸಿಕ್ಕರು. ಎತ್ತರದ ಆಳು, ಹೆಗಲ ಮೇಲೆ ಟವೆಲ್. ನನ್ನ ಗುರುತು ಹಿಡಿದು "ಏನ್ಲಾ ಕೆಂಪಯ್ಯ, ಬದುಕಿದೀಯಾ?" ಎಂದು ಬೆನ್ನಿಗೆ ಗುದ್ದಿದರು. ಅಮ್ಮಾವ್ರನ್ನು ಕಂಡು ಸ್ವಲ್ಪ ಮಂಕಾದರು.

"ಈ ವಯಸ್ಸಲ್ಲಿ ಇಂಗ್ಲಿಷ್ ಯಾಕೆ ಬೇಕಾಯ್ತು ಅಣ್ಣಯ್ಯಪ್ಪನೋರೇ?"

"ಬೆಳೆಗಾರ್ರ ಕಂಪ್ನಿ ಅಂತ ಒಂದು ಮಾಡ್ಕೊಂಡಿದೀವಿ. ನನ್ನ ಡೈರೆಕ್ಟ್ರು ಮಾಡವ್ರೆ. ಒಂದಿನ ಮೀಟಿಂಗಲ್ಲಿ ಆಫೀಸರು ನನ್ ಕಡೆ ತಿರುಗಿ, ‘ದಿ ಬಾಲ್ ಈಸ್ ಇನ್ ಯುವರ್ ಕೋರ್ಟ್’ ಅಂದ್ರು. ಕೋರ್ಟು ಅಂದಿದ್ದಷ್ಟೇ ಕೇಳಿಸ್ತು. ಯಾವನೋ ಕೇಸು ಹಾಕವ್ನೆ ಅಂತ ಎದೆ ಧಸಕ್ ಅಂತು. ಎಲ್ಲಾ ನಕ್ರು. ಇನ್ನು ನಿರ್ಧಾರ ನಿಮ್ಮದು ಅಂತ ಅದರ ಅರ್ಥವಂತೆ. ಅವತ್ತೇ ಟೀಚರಮ್ಮನ್ನ ಹುಡುಕ್ಕೊಂಡ್ ಹೋದೆ."

ಅವರು ಎಳನೀರು ಕೆತ್ತಿ ಕೊಟ್ಟರು. "ಕುಡೀರಿ. ನಮ್ದೆಲ್ಲಾ ಎಳ್ನೀರೇ, ಕಾಯಿ ಬಲಿಯಾಕೆ ಬುಡಾಕಿಲ್ಲ. ಹದಿನೈದು ದಿನಕ್ಕೊಂದ್ಸಲ ಲಾರಿ ಬತ್ತದೆ, ತುಂಬ್ಕೊಂಡ್ ಹೋಯ್ತದೆ. ನಗ್ಬ್ಯಾಡಿ, ಸಾರಿಗೆ ಕಾಯಿ ಬೇಕು ಅಂದ್ರೆ ನಾನೇ ಅಂಗಡೀಲಿ ತರ್ತೀನಿ. ಅಡಿಗೇನೂ ನಂದೇ. ಮನೇಲಿ ಹೆಂಗಸ್ರಿಲ್ಲ, ನಾನೂ ತಮ್ಮನೂ ಇಬ್ರೇ."

ಪುಸ್ತಕದ ಮಾತೆತ್ತಿದಾಗ "ನಂಗೇನೂ ತಿಳೀದವ್ವಾ" ಎಂದರು. ಹಾಗೆ ಹೇಳುವಾಗ ನೆಲ ನೋಡುತ್ತಿದ್ದರು. ಗಂಗಾಂಬಿಕೆ ಮತ್ತೆ ಕೇಳಲಿಲ್ಲ. ಗಾಡಿ ಹತ್ತಿದ ಮೇಲೆ, "ಕೆಂಪಯ್ಯ, ಶನಿವಾರ ಸಂಜೆ ಬೇಡ, ಬೆಳಿಗ್ಗೆಯೇ ಎಲ್ಲರನ್ನೂ ಕ್ಲಾಸಿಗೆ ಬರೋಕೆ ಹೇಳಿ. ಮಧ್ಯಾಹ್ನದೊಳಗೆ ಮುಗಿದ್ರೆ ಎಲ್ಲೋ ಹೋಗೋದಿದೆ," ಎಂದರು. ಎಲ್ಲಿಗೆ ಎಂದು ಕೇಳಿದರೆ ಹೇಳುವವರಲ್ಲ. ಈ ಅಭ್ಯಾಸಕ್ಕೆ ನನಗೆ ಹತ್ತು ವರ್ಷದಿಂದ ಕೋಪವಿದೆ.

ಶನಿವಾರ ಹತ್ತು ಗಂಟೆಗೆ ಆ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದವು. ಗಂಗಾಧರ್ ಬಾಗಿಲ ಪಕ್ಕ ತುದಿಯಲ್ಲಿ ಕೂತ. ವಾಣಿಶ್ರೀ ಅವನ ಕಡೆ ನೋಡಲಿಲ್ಲ. ಗಂಗಾಂಬಿಕೆ ಬೋರ್ಡಿನ ಪಕ್ಕ ನಿಂತರು.

"ಮೊದಲನೇದಾಗಿ, ಗಂಗಾಧರ್ ಕಳ್ಳ ಅಲ್ಲ," ಎಂದು ಶುರು ಮಾಡಿದರು. "ಒಂದು ಪುಟ ಬೇಡ ಅನ್ನೋನು ಒಂದು ಪುಟ ಕೀಳ್ತಾನೆ. ಇಟ್ಟಿಗೆಯಂಥ ಪುಸ್ತಕ ಹೊತ್ತುಕೊಂಡು ಬೈಕಿನಲ್ಲಿ ಹೋಗಲ್ಲ. ಮೇಡಂ, ನೀವು ಪೆನ್ನು ಯಾವ ಲೆಕ್ಕ ಅಂದ್ರಿ. ನನಗೆ ಅದೇ ದೊಡ್ಡ ಲೆಕ್ಕ. ಅಳಿಸೋಕೆ ಹೊರಟೋರಿಗೆ ಪೆನ್ನು ಬೇಕಾ? ಪುಸ್ತಕದ ಜೊತೆ ಹಸಿರು ಇಂಕಿನ ಪೆನ್ನೂ ಹೋಗಿದೆ ಅಂದ್ರೆ, ತಗೊಂಡೋರಿಗೆ ಅದರಲ್ಲಿ ಏನೋ ಬರೆಸಬೇಕಿತ್ತು. ಅದೂ ನಿಮ್ಮ ರೂಲಿನ ಪ್ರಕಾರವೇ. ಬಟ್ಟೇನೂ ಮಡಿಸಿ ಇಟ್ಟಿದಾರೆ. ನಿಮ್ಮ ಮೇಲೆ ದ್ವೇಷ ಇರೋರು ಹಂಗೆ ಮಾಡಲ್ಲ."

"ಏನು ಬರೆಸೋಕೆ?" ನಂದಿತಾ ಕೇಳಿದಳು.

"ಪಟ್ಟಿ ನೋಡಿ. ಖಾಲಿ ಇರೋದು ಒಂದೇ ಪುಟ. ಹಳೇ ಜಗಳ ಮರೆತು ರಾಜಿಯಾಗೋ ಮಾತಿನ ಪುಟ. ಹನ್ನೆರಡು ವರ್ಷ, ನೂರಾರು ಜನ. ಎಲ್ಲಾ ನಮ್ಮ ಕಡೆಯೋರೇ. ಬೇಲಿಗೆ, ಬದುವಿಗೆ ಜಗಳ ಆಡ್ದೋರು, ಮದುವೆ ಮನೇಲಿ ಮತ್ತೆ ಮಾತಾಡ್ದೋರು. ಅವರಲ್ಲಿ ಒಬ್ಬರೂ ರಾಜಿ ಆಗಿಲ್ಲ ಅಂದ್ರೆ ನಾನು ನಂಬಲ್ಲ. ನಂದಿತಾ ಹೇಳಿದ್ಮೇಲೆ ಖಾತ್ರಿ ಆಯ್ತು. ಬರೆಯೋರು ಇದ್ರು, ಮೇಡಂ ಬಿಡ್ಲಿಲ್ಲ. ಆ ಪುಟ ಅವರು ತಮಗೇ ಇಟ್ಕೊಂಡಿದ್ರು."

ವಾಣಿಶ್ರೀ ಕುರ್ಚಿಯ ಕೈ ಹಿಡಿದುಕೊಂಡರು.

"ನಿಜವಾಗ್ಲೂ ಯಾರೂ ಇಲ್ಲದೋರು ‘ಯಾರೂ ಇಲ್ಲ’ ಅಂತಾರೆ ಮೇಡಂ. ನೀವು ‘ಅಂದ್ಕೊಳಿ’ ಅಂದ್ರಿ. ಹಾಗಾದ್ರೆ ಯಾರೋ ಇದಾರೆ. ಅವರು ಯಾರು ಅಂತ ಹೇಳಿದ್ದು ನಿಮ್ಮ ಅಡುಗೆಮನೆ ಕಾಯಿ." ಅವರು ಅಣ್ಣಯ್ಯಪ್ಪನ ಕಡೆ ತಿರುಗಿದರು. "ಯಾವಾಗ್ಲೂ ಎರಡು ಕಾಯಿ ತರೋರು ಆ ದಿನ ಎಂಟು ತಂದ್ರಿ, ಯಾಕಂದ್ರೆ ದೊಡ್ಡ ಬ್ಯಾಗು ತರೋಕೆ ಒಂದು ನೆಪ ಬೇಕಿತ್ತು. ಕಾಯಿ ಕೊಟ್ಟ ಮೇಲೆ ಬ್ಯಾಗು ಖಾಲಿ. ಖಾಲಿ ಬ್ಯಾಗಿಗೆ ಆಟೋ ಯಾಕೆ?"

ಅಣ್ಣಯ್ಯಪ್ಪ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಇನ್ನೂ ಒಂದಿದೆ. ನಿಮ್ಮ ತೋಟದಲ್ಲಿ ಕಾಯಿ ಬಲಿಯೋಕೆ ಬಿಡೋದೇ ಇಲ್ಲ. ನೀವೇ ಹೇಳಿದ್ರಿ. ಹಾಗಾದ್ರೆ ಎರಡು ವರ್ಷದಿಂದ ಬರ್ತಿರೋ ಬಲಿತ ಕಾಯಿ ಯಾರ ಮರದ್ದು? ಅಂಗಡಿದಲ್ಲ. ಅಂಗಡಿ ಕಾಯಿಗೆ ಯಾರೂ ಅರಿಶಿನ ಒತ್ತಿ ಕೊಡಲ್ಲ. ಹಾಗೆ ಒತ್ತೋದು ಹೆಂಗಸರು, ಮನೆ ಮಗಳಿಗೆ ಕಳಿಸೋವಾಗ. ನಿಮ್ಮ ಮನೇಲಿ ಹೆಂಗಸರೇ ಇಲ್ಲ." ಗಂಗಾಂಬಿಕೆಯವರ ದನಿ ಒಂಚೂರು ತಗ್ಗಿತು. "ನಾನೂ ಗಂಡನ್ನ ಕಳಕೊಂಡೋಳೇ. ಹನ್ನೊಂದು ವರ್ಷದಲ್ಲಿ ನನಗೆ ಒಬ್ಬರೂ ಅರಿಶಿನ ಹಚ್ಚಿದ ಕಾಯಿ ಕೊಟ್ಟಿಲ್ಲ. ಕೊಡಬಾರದು ಅಂತಾರೆ. ಆದ್ರೂ ಇವರಿಗೆ ವಾರ ವಾರ ಯಾರೋ ಕಳಿಸ್ತಾರೆ. ಅಂಥೋರಿಗೆ ಇವರು ಗಂಡ ಸತ್ತ ಹೆಂಗಸಲ್ಲ, ಮನೆ ಮಗಳು. ಅಷ್ಟು ಸಲಿಗೆ ಇರೋದು ತಾಯಿಗೆ, ಇಲ್ಲಾ ಒಡಹುಟ್ಟಿದೋರಿಗೆ."

ಹತ್ತು ವರ್ಷ ಎದುರು ಮನೆಯಲ್ಲಿದ್ದೂ ಆ ಮಾತನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಅಣ್ಣಯ್ಯಪ್ಪ ಎದ್ದು ನಿಂತು ಕೈ ಮುಗಿದರು. "ತಪ್ಪಾಯ್ತು ಟೀಚರಮ್ಮ. ನಿಮ್ಮಕ್ಕ ಸಿದ್ದಲಕ್ಷ್ಮಮ್ಮಂದೇ ಆ ಕಾಯಿ. ಮನೆ ಹಿಂದಿನ ಮರದ್ದು. ನಿಮ್ಮ ಹತ್ರ ಪಾಠಕ್ಕೆ ಹೋಯ್ತೀನಿ ಅಂತ ತಿಳಿದ ದಿನವೇ ಎರಡು ಕಾಯಿ ತಂದು ಬ್ಯಾಗಲ್ಲಿ ಹಾಕುದ್ರು. ವಾಣಿ ಮುಂದೆ ನನ್ ಹೆಸ್ರು ಎತ್ಬ್ಯಾಡಣ್ಣ ಅಂತ ಆಣೆ ಹಾಕುಸ್ಕೊಂಡ್ರು. ಮೊನ್ನೆ ಆ ಖಾಲಿ ಪುಟದ ಇಚಾರ ಹೇಳ್ದೆ. ಒಂದ್ಸಲ ಆ ಪುಸ್ತಕ ತಂದ್ಕೊಡಣ್ಣ ಅಂದ್ರು. ಅವ್ರೇ ಒಂದು ಸಾಲು ಬರೀಲಿ, ನಿಮ್ ಕಣ್ಣಿಗೆ ಬೀಳ್ಲಿ ಅಂತ ಪೆನ್ನೂ ತಗಂಡ್ ಹೋದೆ. ಶನಿವಾರ ವಾಪಸ್ ಇಡೋಣ ಅಂದ್ರೆ ಅವ್ರು ಕೊಡ್ಲೇ ಇಲ್ಲ. ಹಗಲೆಲ್ಲಾ ಕೂತು ಒಂದೊಂದೇ ಪುಟ ಓದ್ತವ್ರೆ. ಈ ಹುಡುಗನ್ನ ಕಳ್ಳ ಅಂದಾಗ ನನ್ ನಾಲ್ಗೆ ಬಿದ್ದೋಗಿತ್ತು. ಆಣೆ ಒಂದ್ ಕಡೆ, ಇವ್ನ ಮಖ ಒಂದ್ ಕಡೆ."

ವಾಣಿಶ್ರೀ ಎದ್ದು ಗಂಗಾಧರನ ಮುಂದೆ ಹೋಗಿ ನಿಂತರು.

"ಎಲ್ಲರ ಮುಂದೆ ಅಂದೆ. ಎಲ್ಲರ ಮುಂದೆಯೇ ಕೇಳ್ತೀನಿ. ಕ್ಷಮಿಸಪ್ಪ."

"ಅಯ್ಯೋ ಬಿಡಿ ಮೇಡಂ," ಎಂದ ಅವನು, ಕಣ್ಣೊರೆಸಿಕೊಂಡು. "ನನ್ನ ಪುಟ ಮಾತ್ರ ಸ್ವಲ್ಪ ನೋಡಿ."

ಎಲ್ಲರೂ ನಕ್ಕರು. ವಾಣಿಶ್ರೀ ನಗುತ್ತಲೇ ಕುಸಿದು ಕೂತರು. ಕೇಳದೆಯೇ ಹೇಳತೊಡಗಿದರು.

"ಹತ್ತೊಂಬತ್ತು ವರ್ಷದ ಹಿಂದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೀತಿತ್ತು. ನಾನು ಹಾಲಲ್ಲಿದ್ದೆ. ಹನ್ನೊಂದು ಗಂಟೆಗೆ ಫೋನ್ ಬಂತು, ಅಪ್ಪ ಹೋದ್ರು ಅಂತ. ನನ್ನ ಬದಲಿಗೆ ಯಾರೂ ಇರ್ಲಿಲ್ಲ. ಇನ್ನೊಂದೂವರೆ ಗಂಟೆ ತಾನೆ ಅಂತ ಮುಗಿಸಿಕೊಟ್ಟೇ ಹೊರಟೆ. ಕುಣಿಗಲ್ಲಲ್ಲಿ ಅಮೃತೂರಿನ ಬಸ್ಸು ನನ್ನ ಕಣ್ಣೆದುರೇ ಹೊರಟೋಯ್ತು. ಓಡಿದೆ, ಕೂಗಿದೆ, ನಿಲ್ಲಿಸಲಿಲ್ಲ. ಊರು ಮುಟ್ಟೋ ಹೊತ್ತಿಗೆ ಮಣ್ಣು ಮಾಡಿಬಿಟ್ಟಿದ್ರು. ಅಕ್ಕ ಹೊಸಿಲ ಮೇಲೆ ನಿಂತು ಊರೆಲ್ಲಾ ಕೇಳೋ ಹಂಗೆ, ‘ಪರೀಕ್ಷೆ ಮುಗೀತಾ?’ ಅಂದ್ಲು. ನಾನು ಒಳಗೆ ಕಾಲಿಡ್ಲಿಲ್ಲ. ಅಲ್ಲಿಂದಲೇ ತಿರುಗಿ ಬಂದೆ."

ಕುಣಿಗಲ್ಲಿಂದ ಅಮೃತೂರಿಗೆ ಆ ಹೊತ್ತಿನ ಬಸ್ಸು ಓಡಿಸುತ್ತಿದ್ದವನು ನಾನು. ಟೈಮು ಎಂದರೆ ಟೈಮು ಎಂದು ಹೆಮ್ಮೆ ಪಡುತ್ತಿದ್ದವನು. ಕನ್ನಡಿಯಲ್ಲಿ ಓಡಿ ಬರುವವರನ್ನು ಕಂಡೂ ಗೇರು ಹಾಕಿದ ದಿನಗಳು ಎಷ್ಟಿದ್ದವೋ. ಅದರಲ್ಲಿ ಅದೂ ಒಂದಿತ್ತೋ ಏನೋ, ನನಗೆ ನೆನಪಿಲ್ಲ. ನೆನಪಿಲ್ಲದ್ದೇ ಹೆಚ್ಚು ನೋವಾಯಿತು.

"ಮೇಡಂ," ಎಂದೆ, "ಗಾಡಿ ಹೊರಗಿದೆ. ನೀವು ಹತ್ತೋ ತನಕ ನಾನು ಹೊರಡಲ್ಲ."

ಕುಣಿಗಲ್ ದಾಟಿ ಅಮೃತೂರು ಮುಟ್ಟಿದೆವು. ಅಣ್ಣಯ್ಯಪ್ಪ ದಾರಿ ತೋರಿಸಿದರು. ಬಸ್‌ಸ್ಟಾಪಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಜಗಲಿಯ ಮೇಲೆ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಒಬ್ಬ ಮುದುಕಿ ತೊಡೆಯ ಮೇಲೆ ಆ ದಪ್ಪ ಪುಸ್ತಕ ಇಟ್ಟುಕೊಂಡು, ಬೆರಳಿಟ್ಟು ಓದುತ್ತಿದ್ದರು. ಪಕ್ಕದಲ್ಲಿ ಪೆನ್ನಿನ ಡಬ್ಬಿ.

ಅವರು ತಲೆಯೆತ್ತಿದರು. ಬಹಳ ಹೊತ್ತು ನೋಡಿದರು. ಹತ್ತೊಂಬತ್ತು ವರ್ಷದಿಂದ ಆ ಒಂದು ಮಾತನ್ನು ಬಿಟ್ಟು ಬೇರೆ ಮಾತೇ ಅವರಿಗೆ ಉಳಿದಿರಲಿಲ್ಲವೇನೋ, ಅದನ್ನೇ ಕೇಳಿದರು. ಈ ಸಲ ಪಿಸುದನಿಯಲ್ಲಿ.

"ಪರೀಕ್ಷೆ ಮುಗೀತಾ, ವಾಣಿ?"

"ಮುಗೀತು ಅಕ್ಕ. ಕುಣಿಗಲ್ಲಲ್ಲಿ ಬಸ್ ತಪ್ಪೋಯ್ತು."

"ಬಸ್ಸು ತಪ್ತಾ?" ಮುದುಕಿ ಪುಸ್ತಕ ಬದಿಗಿಟ್ಟರು. "ನಂಗೆ ಯಾರೂ ಹೇಳ್ಲಿಲ್ಲ ಕಣೇ."

"ನೀನು ಕೇಳ್ಲಿಲ್ಲ."

"ಊಂ. ಕೇಳ್ಲಿಲ್ಲ." ಅವರು ಗೋಡೆ ಹಿಡಿದು ಎದ್ದರು. "ಬಾ ಒಳಗೆ. ಹಸ್ದಿದೀಯಾ."

ವಾಣಿಶ್ರೀ ಹೊಸಿಲು ದಾಟಿದರು. ನಾವು ಹೊರಗೆ ಗಾಡಿಯ ಹತ್ತಿರ ನಿಂತೆವು. ಗಂಗಾಂಬಿಕೆ ರಸ್ತೆ ನೋಡುತ್ತಿದ್ದರು, ನಾನು ಟೈರು ನೋಡುತ್ತಿದ್ದೆ. ಒಳಗಿನಿಂದ ಮೊದಲು ಅಳು ಕೇಳಿಸಿತು, ಆಮೇಲೆ ಪಾತ್ರೆ ಸದ್ದು. ನಮಗೂ ಕರೆ ಬಂತು. ಮುದ್ದೆ, ಅವರೆಕಾಳಿನ ಸಾರು ಉಂಡೆವು.

ಹೊರಡುವಾಗ ಸಿದ್ದಲಕ್ಷ್ಮಮ್ಮ ಒಂದು ತೆಂಗಿನಕಾಯಿ ತಂದರು. ಜುಟ್ಟಿನ ಬುಡಕ್ಕೆ ಅರಿಶಿನ ಒತ್ತಿ ಗಂಗಾಂಬಿಕೆಯವರ ಕೈಗೆ ಕೊಟ್ಟರು. "ಬ್ಯಾಡ ಅನ್ಬ್ಯಾಡ ತಾಯಿ. ಮನೆಗೆ ಬಂದ ಹೆಣ್ಮಗಳು ನೀನು," ಎಂದರು. ಅಮ್ಮಾವ್ರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಗುಬ್ಬಿ ಬರುವ ತನಕ ಆ ಕಾಯಿ ಅವರ ತೊಡೆಯ ಮೇಲೇ ಇತ್ತು.

ನಾನು ಗಾಡಿ ಸ್ಟಾರ್ಟ್ ಮಾಡುವ ಮುಂಚೆ ವಾಣಿಶ್ರೀ ಪುಸ್ತಕ ತೆರೆದು ಕಿಟಕಿಯ ಹತ್ತಿರ ಹಿಡಿದರು. ಒಂಬತ್ತು ದಿನ ಪೆನ್ನು ಪಕ್ಕದಲ್ಲಿಟ್ಟುಕೊಂಡೂ ಮುದುಕಿ ಆ ಪುಟ ಮುಟ್ಟಿರಲಿಲ್ಲವಂತೆ. ನಡೆಯುವ ಮುಂಚೆ ಬರೆಯಬಾರದು ಎಂಬ ರೂಲು ಅಣ್ಣಯ್ಯಪ್ಪ ಹೇಳಿದ್ದರಂತೆ. ಈಗ ಅಲ್ಲಿ ಹಸಿರು ಇಂಕಿನಲ್ಲಿ, ಓರೆಕೋರೆ ಅಕ್ಷರದಲ್ಲಿ ಹೀಗಿತ್ತು:

"ಈ ದಿನ ನಮ್ಮ ವಾಣಿ ಬಂದಳು. ಊಟ ಮಾಡಿದಳು. ರಾತ್ರಿ ಇಲ್ಲೇ ಇರುತ್ತಾಳೆ. ಸಿದ್ದಲಕ್ಷ್ಮಮ್ಮ."